ಒಬ್ಬಳಿಗೆ ಮಾತ್ರ ಹೇಳು

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ತರಗತಿಯಲ್ಲಿ ಕೂಗಿ ಕೂಗಿ ಕಟ್ಟಿದ್ದ ಗಂಟಲು ಬಿಟ್ಟಿತೇ? ಮೆಲ್ಲಗೆ ಹೇಳಿದಾಗ ಅರ್ಥವಾಗದ ಗಣಿತ ಜೋರಾಗಿ ಹೇಳಿದರೆ ಅರ್ಥವಾಗುತ್ತದೆಯೇ ಎಂದು ನನ್ನ ಮಗಳು ಗುಂಡಿ ಕೇಳುತ್ತಾಳೆ. ನಿನ್ನ ಹೆಂಡತಿ, ನನ್ನ ಮುದ್ದು ನಾದಿನಿ, ಕ್ಷೇಮವೆಂದು ನಂಬಿದ್ದೇನೆ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಎಲ್ಲಾ ಸರಿಹೋಗುತ್ತೆ ಬಿಡಕ್ಕ" ಎಂದು ಮುಗಿಸಿಬಿಡುತ್ತೀಯ. ಕಾಗದಕ್ಕೆ ಅಡ್ಡಬಾಯಿ ಹಾಕಲಾಗುವುದಿಲ್ಲ. ಈ ಸಲ ಪೂರ್ತಿ ಕೇಳು.

ಗುಂಡಿಗೆ ಹದಿನಾರು ತುಂಬಿದ ತಿಂಗಳೇ ಇದು ಶುರುವಾಯಿತು. ಮೂರು ದಿನ ಕಣ್ಣು ಮುಚ್ಚಲಿಲ್ಲ, ಬಾಯಿಯೂ ಮುಚ್ಚಲಿಲ್ಲ. ತಾನು ಹೊಸ ಬಗೆಯ ಉಡುಪು ಕಂಡುಹಿಡಿದಿದ್ದೇನೆ, ಇನ್ನು ಜಗತ್ತಿಗೆ ಬೇರೆ ದರ್ಜಿಯೇ ಬೇಡ ಎಂದಳು. ನಾನು ದಾರ ತರಲು ಹೋಗಿ ಬರುವಷ್ಟರಲ್ಲಿ, ಶಾಲೆಯೊಂದಕ್ಕೆ ಹೊಲಿದಿಟ್ಟಿದ್ದ ಹನ್ನೊಂದು ಸಮವಸ್ತ್ರಗಳನ್ನು ಕತ್ತರಿಸಿ ನೆಲದ ತುಂಬ ಹರಡಿಕೊಂಡು ಕುಳಿತಿದ್ದಳು. ಬೈಯಲು ಬಾಯಿ ತೆರೆದವಳು ಅವಳ ಮುಖ ನೋಡಿದೆ. ಅಷ್ಟು ಸಂತೋಷ ನಾನು ಯಾರ ಮುಖದಲ್ಲೂ ಕಂಡಿಲ್ಲ. ನನಗೆ ಭಯವಾದದ್ದೂ ಅದಕ್ಕೇ. ಆಮೇಲೆ ಐದು ವಾರ ಗೋಡೆಗೆ ಮುಖ ಮಾಡಿ ಮಲಗಿದಳು. ತಲೆ ಬಾಚಲೂ ಬಿಡಲಿಲ್ಲ. ಒಂದು ದಿನ, "ಅಮ್ಮ, ನಾನಿಲ್ದಿದ್ರೆ ನಿಂಗೆ ಕೆಲಸ ಕಡಿಮೆ ಅಲ್ವಾ?" ಎಂದಳು. ಆಗಲೇ ಅಂಗಡಿಗೆ ಬೀಗ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಬೈಪೋಲಾರ್ ಎಂದರು. ಮನಸ್ಸು ಒಮ್ಮೆ ಮಿತಿಮೀರಿ ಏರುವ, ಒಮ್ಮೆ ಪಾತಾಳಕ್ಕೆ ಇಳಿಯುವ ಕಾಯಿಲೆ ಎಂದು ಗುಂಡಿಗೆ ಬಿಡಿಸಿ ಹೇಳಿದರು.

ಎರಡು ತಿಂಗಳು ಮಾತ್ರೆ ತೆಗೆದುಕೊಂಡಳು. ಮೈ ಊದಿತು, ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗಲಿಲ್ಲ. "ಇದು ನಾನಲ್ಲ. ಇನ್ನು ನುಂಗಲ್ಲ" ಎಂದು ನಿಲ್ಲಿಸಿಬಿಟ್ಟಳು. ನಿನ್ನ ಭಾವ ಬಸ್ಸು ಓಡಿಸಿ ದಣಿದು ಬಂದವರು, "ವಯಸ್ಸಿನ ಹುಚ್ಚು, ತಾನೇ ಇಳಿಯುತ್ತೆ" ಎಂದು ಕೈಚೆಲ್ಲಿದರು. ಆಗ ನಾನು ಮಾಡಬಾರದ್ದನ್ನು ಮಾಡಿದೆ. ಮಾತ್ರೆ ಪುಡಿಮಾಡಿ ಹಣ್ಣಿನ ರಸಕ್ಕೆ ಬೆರೆಸಿದೆ. ನಾಲ್ಕನೆಯ ದಿನ ಲೋಟದ ತಳದ ಬಿಳಿ ಗಸಿ ಅವಳ ಕಣ್ಣಿಗೆ ಬಿತ್ತು. ಲೋಟ ತಂದು ನನ್ನ ಮಿಷಿನ್ ಮೇಲಿಟ್ಟು ಹೋದಳು. ಒಂಬತ್ತು ದಿನ ನಾನು ಮುಟ್ಟಿದ್ದನ್ನು ಅವಳು ಮುಟ್ಟಲಿಲ್ಲ. ಸಿಪ್ಪೆ ಸುಲಿಯದ ಹಣ್ಣು, ಪೊಟ್ಟಣ ಒಡೆಯದ ಬ್ರೆಡ್ಡು, ತಾನೇ ನಲ್ಲಿಯಿಂದ ಹಿಡಿದ ನೀರು, ಅಷ್ಟೇ.

ಹತ್ತನೆಯ ದಿನ ಎದುರು ಕುಳಿತು ತಪ್ಪಾಯಿತೆಂದೆ. "ಇನ್ಯಾವತ್ತೂ ಕದ್ದು ಕೊಡಲ್ಲ. ಆದ್ರೆ ದಿನಾ ಒಂದ್ಸಲ ತಗೋತೀಯಾ ಅಂತ ಕೇಳ್ತೀನಿ. ನೀನು ಬೇಕಾದ್ರೆ ದಿನಾ ಬೇಡ ಅನ್ನು." ಅವಳು, "ಡಾಕ್ಟರ್ ಹತ್ರ ಬರ್ತೀನಿ. ಮಾತ್ರೆ ವಿಷಯ ಕೇಳ್ಬೇಡ" ಎಂದಳು. "ಕೇಳ್ತೀನಿ" ಎಂದೆ. ನಕ್ಕಳು ಕಣೋ, ಎಷ್ಟೋ ತಿಂಗಳ ಮೇಲೆ. ಆಮೇಲೆ ನನ್ನ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾನೇ ಕರಾರು ಬರೆದಳು: ಒಂದು ರಾತ್ರಿ ನಿದ್ದೆ ಬರದಿದ್ದರೂ ಬೆಳಿಗ್ಗೆ ಕತ್ತರಿಗಳನ್ನು ಅಮ್ಮನಿಗೆ ಒಪ್ಪಿಸುವುದು, ಬದುಕು ಬೇಡವೆನ್ನಿಸಿದರೆ ಮುಚ್ಚಿಡದೆ ಹೇಳುವುದು, ಆಗ ಆಸ್ಪತ್ರೆಗೆ ಎಂದರೆ ಎದುರಾಡದಿರುವುದು. ಸಹಿ ಹಾಕಿದಳು, ನನ್ನಿಂದಲೂ ಹಾಕಿಸಿದಳು. ಅಪ್ಪನ ಸಹಿಗೂ ಜಾಗ ಬಿಟ್ಟಿದ್ದಳು. ಹಾಳೆಯನ್ನು ಎರಡು ಸಲ ಓದಿದ ಮೇಲೆ ನಿನ್ನ ಭಾವ ಹುಚ್ಚು ಗಿಚ್ಚು ಎನ್ನುವುದನ್ನು ನಿಲ್ಲಿಸಿದ್ದಾರೆ.

ಇವತ್ತಿಗೆ ನಲವತ್ತೊಂದು ದಿನ ಕೇಳಿದ್ದೇನೆ, ಅಷ್ಟೂ ದಿನ ಬೇಡ ಎಂದಿದ್ದಾಳೆ. ಕೈ ಅಷ್ಟು ನಡುಗಿಸದ ಬೇರೆ ಮಾತ್ರೆಯೂ ಇದೆ, ನೋಡಬಹುದು ಎಂದಿದ್ದಾರೆ ಡಾಕ್ಟರಮ್ಮ. ಹಠದಲ್ಲಿ ಗುಂಡಿ ನನ್ನ ಮಗಳೇ ಹೌದು; ಆದರೆ ನಾನು ಅವಳಿಗಿಂತ ಇಪ್ಪತ್ತೈದು ವರ್ಷ ಮೊದಲೇ ಹಠ ಕಲಿತವಳು.

ನಾದಿನಿಯನ್ನು ಕೇಳಿದೆನೆಂದು ಹೇಳು. ಉತ್ತರಪತ್ರಿಕೆ ತಿದ್ದುವಾಗ ನಿನ್ನ ಕೈ ಧಾರಾಳವಾಗಿರಲಿ. ನೂರು ಕಾಲ ತಣ್ಣಗಿರು.

ಇಂತು ನಿನ್ನ
ಅಕ್ಕ

ತಾ.ಕ.: ಇದನ್ನು ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಬಂತು. ಮೊನ್ನೆ ಗುಂಡಿ ಡಾಕ್ಟರಮ್ಮನಿಗೆ, "ಈ ಮಾತ್ರೆ ತಗೊಂಡು ಚೆನ್ನಾಗಿ ಬದುಕಿರೋರನ್ನ ಒಬ್ಬರನ್ನ ತೋರ್ಸಿ. ಗೋಡೆ ಮೇಲಿನ ಚಿತ್ರದಲ್ಲಿ ನಗೋರು ಬೇಡ, ನಿಜವಾದೋರು ಬೇಕು" ಎಂದಳು. ಪಕ್ಕದಲ್ಲೇ ಇದ್ದ ನಾನು ತುಟಿ ಕಚ್ಚಿ ಹಿಡಿದೆ. ನಿನಗೂ ಇದೇ ಕಾಯಿಲೆ, ಹನ್ನೆರಡು ವರ್ಷದಿಂದ ಮಾತ್ರೆ ನುಂಗಿಯೇ ಪಾಠ ಮಾಡುತ್ತಿದ್ದೀಯ ಎಂಬುದು ನನಗೂ ನಾದಿನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನನ್ನ ಬಾಯಿಂದ ಬರುವುದೂ ಇಲ್ಲ, ನಿನಗೆ ಮಾತು ಕೊಟ್ಟಿದ್ದೇನೆ. ಶಾಲೆಗೆ ಹೇಳಬೇಡ, ಭಾವನಿಗೂ ಹೇಳಬೇಡ. ಒಬ್ಬಳಿಗೆ ಮಾತ್ರ ಹೇಳು. ಶನಿವಾರ ಬೆಳಿಗ್ಗೆ ಒಂಬತ್ತೂವರೆ ಬಸ್ಸಿಗೆ ನಾನು ನಿಲ್ದಾಣದಲ್ಲಿರುತ್ತೇನೆ. ನೀನು ಇಳಿಯದಿದ್ದರೆ ಬೈಯುವುದಿಲ್ಲ, ಅದರ ಮುಂದಿನ ಶನಿವಾರವೂ ಬಂದು ನಿಲ್ಲುತ್ತೇನೆ.