ಬೂದಿ ಬಣ್ಣದ ಕರಿಬೇವು

ಮಾರ್ಚ್ 11, ಮಂಗಳವಾರ. ವಾಡಿ.

ಡಿಸೈನ್ ಕ್ಲಾಸಿನ ಲಕ್ಷ್ಮಿಕಾಂತ ಸರ್ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ನಮ್ಮ ಹಿತ್ತಲ ಕರಿಬೇವಿನ ಗಿಡವನ್ನು ಟ್ಯಾಬ್‌ನಲ್ಲಿ ಬಿಡಿಸಿ, ಕ್ಲಾಸಿನ ಪ್ರಾಜೆಕ್ಟಿನ ಪೋಸ್ಟರಿಗೂ ವೆಬ್‌ಸೈಟಿಗೂ ಅದನ್ನೇ ಹಾಕಿದ್ದೆ. "ಎಲಿ ಹಿಂಗ್ಯಾಕ ಬೂದಿ ಆಗ್ಯಾವ? ಹಸಿರು ಹಾಕು, ಇಲ್ಲಂದ್ರ ಮಾರ್ಕ್ಸ್ ಇಲ್ಲ" ಅಂದರು, ಎಲ್ಲರ ಮುಂದೆ. ವಾಡಿಯನ್ನು ಅವರು ರೈಲಿನ ಕಿಟಕಿಯಿಂದಷ್ಟೇ ನೋಡಿರಬೇಕು.

ಸಂಜೆ ಅವ್ವ ಒಗ್ಗರಣೆಗೆ ಕರಿಬೇವು ತೊಳೆಯುತ್ತಿದ್ದಳು. ಊರಿನ ಸಿಮೆಂಟ್ ಫ್ಯಾಕ್ಟರಿಯಿಂದ ಬಂದು ಕೂರುವ ಧೂಳು ಒಂದೇ ನೀರಿಗೆ ಬಿಡುವುದಿಲ್ಲ. ಚಿತ್ರ ತೋರಿಸಿದೆ. ಕೈ ಸೆರಗಿಗೆ ಒರೆಸಿಕೊಂಡು ನೋಡಿದಳು.

"ಏ, ಇದು ನಮ್ಮ ಗಿಡನೇ! ಎಲಿ ಇನ್ನಾ ತೊಳದೇ ಇಲ್ಲ ನೋಡು."

ಬಣ್ಣ ಬದಲಿಸುವುದಿಲ್ಲ. ಮಾರ್ಕ್ಸ್ ಹೋದರೆ ಹೋಗಲಿ. ನಾಳೆ ಪೋಸ್ಟರ್ ಹೀಗೇ ಪ್ರಿಂಟಿಗೆ ಹೋಗುತ್ತದೆ. ಹಸಿರೇ ಬೇಕಿದ್ದರೆ ಸರ್ ಇಲ್ಲಿಗೆ ಬರಲಿ, ಅವ್ವನ ಪಕ್ಕ ಕೂತು ಎಲೆ ತೊಳೆಯಲಿ.