ಫೋಟೋಗೆ ಜಾರಿದ ಹೂವಿನ ಸರ

ವಿಜಯಪುರ (ಹೊಸಕೋಟೆ ಹತ್ತಿರ)
೧೨-೨-೨೦೨೫, ಬುಧವಾರ

ನವ್ಯಳ ಅಪ್ಪನಿಗೆ ಅಕ್ಕಯಮ್ಮ ಮಾಡುವ ನಮಸ್ಕಾರ.

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದೆಯಾ? ಮಂಡಿನೋವು ಹೇಗಿದೆ? ನಿಮ್ಮ ಹೆಸರು ಆದಿನಾರಾಯಣಪ್ಪ. ಗಂಡನ ಹೆಸರು ಬರೆಯಲು ನನಗೆ ಕೈ ಬರುವುದಿಲ್ಲ, ಆದರೂ ಅದನ್ನೂ ಮರೆತಿದ್ದರೆ ಗೊತ್ತಾಗಲಿ ಎಂದು ಬರೆದಿದ್ದೇನೆ. ಸಂಕ್ರಾಂತಿಯ ಮಾರನೇ ದಿನ ಹಾಲು ತರುತ್ತೇನೆಂದು ಹೋದವರು ನೀವು. ಈ ಹಾಳು ಮರೆವು ನಿಮ್ಮನ್ನು ಯಾವ ದಾರಿಗೆ ಎಳೆದುಕೊಂಡು ಹೋಯಿತೋ.

ಪೊಲೀಸರಿಗೆ ಹೇಳಿದೆವು. ನೀವು ದುಡಿದ ರೇಷ್ಮೆ ದಾರ ಹುರಿ ಮಾಡುವ ಮಿಷನ್ನಿನ ಶೆಡ್ಡುಗಳಲ್ಲೆಲ್ಲ ಹುಡುಕಿದೆವು. ಕೊನೆಗೆ ಮಗಳು ನವ್ಯಶ್ರೀ ನಿಮ್ಮ ಫೋಟೋ ಹಾಕಿ ಒಂದು ವೆಬ್‌ಸೈಟ್ ಮಾಡಿದಳು. ಅವಳ ಕೆಲಸವೇ ಅದಲ್ಲವೇ, ಅಂಗಡಿಯವರಿಗೆಲ್ಲ ಮಾಡಿಕೊಡುತ್ತಾಳೆ. ಆದರೆ ತೆರೆದವರು ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿಬಿಡುತ್ತಿದ್ದರಂತೆ. "ನೋಡ್ದೋರು ಒಂದ್ ಗಳಿಗೆ ನಿಲ್ಬೇಕಮ್ಮ, ಅಪ್ಪನ ಮುಖ ಮನಸ್ಸಲ್ಲಿ ಕೂರ್ಬೇಕು" ಎಂದು ಕಂಪ್ಯೂಟರ್ ಮುಂದೆ ಕೂತು, ಪುಟದ ಮೇಲಂಚಿಗೆ ಬಾಗಿಲ ತೋರಣದ ಹಾಗೆ ಅಲುಗಾಡುವ ಚೆಂಡುಹೂವಿನ ಸರ ಕಟ್ಟಿದಳು. ಜನ ನಿಂತರು ಕಣ್ರೀ! ಸಾವಿರಾರು ಜನ ನೋಡುತ್ತಿದ್ದಾರೆ ಎಂದಳು. ನನಗೂ ಹೋದ ಜೀವ ಬಂದಂತಾಯಿತು.

ಆಮೇಲೆ ಅನುಗೊಂಡನಹಳ್ಳಿಯಿಂದ ನಿಮ್ಮ ತಂಗಿ ಎದೆ ಬಡಿದುಕೊಂಡು ಬಂದಳು. "ಅಣ್ಣ ಹೋಗಿದ್ದು ನಂಗ್ಯಾಕ್ ಹೇಳ್ಲಿಲ್ಲ? ಅಯ್ಯೋ ಅತ್ತಿಗೆ, ಇನ್ನೂ ಕುಂಕುಮ ಇಟ್ಕೊಂಡಿದ್ದೀಯಲ್ಲ!" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಫೋನು ತೋರಿಸಿದಳು. ಕಂಪ್ಯೂಟರಿನಲ್ಲಿ ಮೇಲೆ ತೂಗುತ್ತಿದ್ದ ಸರ ಫೋನಿನ ಸಣ್ಣ ಪರದೆಯಲ್ಲಿ ಕೆಳಗೆ ಜಾರಿ, ನೆಟ್ಟಗೆ ನಿಮ್ಮ ಫೋಟೋಗೇ ಬಿದ್ದಿತ್ತು. ಜನ ಹಾರ ನೋಡಿದರು, ಓಂ ಶಾಂತಿ ಎಂದು ಬರೆದು ಒಬ್ಬರಿಗೊಬ್ಬರು ಕಳಿಸಿಕೊಂಡರು. ಕಾಣೆಯಾಗಿದ್ದಾರೆ ಎನ್ನುವ ಮಾತನ್ನು ಯಾರೂ ಓದಿರಲಿಲ್ಲ. ನವ್ಯ ತಕ್ಷಣ ಹಾರ ತೆಗೆದಳು. ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಅವಳಿಗೆ ಬೈಯಲು ನನಗೆ ಬಾಯಿಯೂ ಬರಲಿಲ್ಲ.

ಮನೆದೇವರು ನಿಮ್ಮ ಕಾಲನ್ನು ಇತ್ತ ತಿರುಗಿಸಲಿ.

ಕುಂಕುಮ ಅಳಿಸದ ನಿಮ್ಮ
ಅಕ್ಕಯಮ್ಮ

ಮುಖ್ಯವಾದದ್ದೇ ಬಿಟ್ಟುಹೋಯಿತು: ಈ ಕಾಗದವನ್ನು ಹೊಸಕೋಟೆಯಲ್ಲಿ ಟೀ ಅಂಗಡಿ ಇಟ್ಟಿರುವ ಪಿಳ್ಳಣ್ಣನ ಕೈಗೆ ಕೊಡುತ್ತಿದ್ದೇನೆ. ಹಾರ ತೆಗೆದ ಮೇಲೆ ಪುಟ ನೋಡಿ ಅವನೇ ಫೋನ್ ಮಾಡಿದ. ಹೋದ ವಾರ ನಿಮಗೆ ಟೀ ಕೊಟ್ಟು, "ನಿಮ್ ಥರಾನೇ ಅವ್ರೆ ನೋಡಿ ಯಜಮಾನ್ರೇ" ಎಂದು ಆ ಹಾರದ ಫೋಟೋ ತೋರಿಸಿದನಂತೆ. ನೀವು ಬಹಳ ಹೊತ್ತು ನೋಡಿ, "ಪಾಪ, ಯಾವ ಮನೆಯೋರೋ" ಎಂದು ಕೈಮುಗಿದು, ಎದ್ದು ಕೋಲಾರದ ಕಡೆ ನಡೆದಿರಂತೆ. ಅದು ನೀವೇ ಕಣ್ರೀ. ನೀವು ಬದುಕಿದ್ದೀರಿ. ಮತ್ತೆ ಅಲ್ಲಿಗೆ ಬಂದರೆ ಕದಲಬೇಡಿ, ಓಡಿಬರುತ್ತೇನೆ.