ಕಿಸಬುರೊನನ್ನು ಅಲ್ಲೇ ಬಿಡಬೇಡಿ

ಹವಲ್ದಾರ್ ಓಗುಚಿಯವರಿಗೆ, ಶಿನಾನೊದಿಂದ ಕಿಸಬುರೊನ ತಾಯಿ ತೊಮೆ ತಲೆಬಾಗಿ ಬರೆಯುವುದು.

ಅಲ್ಲಿ ಚಳಿ ಶುರುವಾಗಿರಬೇಕು. ನಿಮ್ಮ ಕೆಮ್ಮು ಹೇಗಿದೆಯೋ ಏನೋ. ನನ್ನ ಅಕ್ಷರ ಸರಿಯಿಲ್ಲ, ಹೇಗಾದರೂ ಓದಿಕೊಳ್ಳಿ.

ಚೀನಾದ ಮೇಲಿನ ಯುದ್ಧದಲ್ಲಿ ಸತ್ತ ನನ್ನ ಮಗನನ್ನು ಲಿಯಾವೊದುಂಗ್‌ನ ಗುಡ್ಡದಲ್ಲಿ ಹೂಳಿದೆವು ಎಂದು ನೀವು ಬರೆದಿದ್ದಿರಿ. ಆಗ ಊರ ಯಜಮಾನರು, "ಅಳ್ಬೇಡ ಕಣವ್ವ, ಅದೂ ಈಗ ನಮ್ ನೆಲಾನೇ. ಮಗ ನಮ್ ದೇಶದಲ್ಲೇ ಮಲಗವ್ನೆ," ಅಂದರು. ಅದನ್ನೇ ನಂಬಿಕೊಂಡು ಇದ್ದೆ. ಈಗ ರಷ್ಯಾ, ಜರ್ಮನಿ, ಫ್ರಾನ್ಸ್ ಸೇರಿ ಹೆದರಿಸಿದ್ದಕ್ಕೆ ಸರ್ಕಾರ ಆ ನೆಲವನ್ನು ಚೀನಾಕ್ಕೆ ವಾಪಸು ಕೊಡುತ್ತಿದೆಯಂತೆ, ನೀವೆಲ್ಲ ಹೊರಡುತ್ತೀರಂತೆ. "ಟೋಕಿಯೋದೋರು ನಿನ್ ಮಗನ್ನೂ ಸೇರಿಸೇ ಕೊಟ್ಬುಟ್ರು ಕಣೆ," ಎಂದು ಪಕ್ಕದ ಮನೆಯ ಇಸೊ ಬಾವಿಯ ಹತ್ತಿರ ಅಂದಳು. ಆಮೇಲೆ ನನಗೆ ಊಟ ಸೇರುತ್ತಿಲ್ಲ.

ಮೂಳೆ ಅಗೆದು ತರುವುದು ಕಷ್ಟವಾದರೆ ಬೇಡ. ನಮ್ಮ ಕಡೆ ಹಿರಿಯರ ಹಬ್ಬದಲ್ಲಿ ಸಮಾಧಿಗೆ ಬೆನ್ನು ಕೊಟ್ಟು ಕೂತು, ಮಗುವನ್ನು ಹೊರುವಂತೆ ಕೈ ಹಿಂದೆ ಕಟ್ಟಿ, "ಹತ್ಕೋ, ಮನೆಗೆ ಹೋಗೋಣ" ಎಂದು ಸತ್ತವರನ್ನು ಕರೆತರುತ್ತೇವೆ. ನೀವೂ ಹಾಗೇ ಮಾಡಿ. ಹಡಗು ಹತ್ತುವವರೆಗೆ ಕೈ ಬಿಡಬೇಡಿ, ಜನ ನಕ್ಕರೂ ಬಿಡಬೇಡಿ. ಅವನಿಗೆ ನೀರೆಂದರೆ ಭಯ, ಒಳಗಡೆ ಜಾಗ ನೋಡಿ ಕೂರಿ. ಯಾವ ಬಂದರಿಗೆ ಬರುತ್ತೀರಿ ಎಂದು ತಿಳಿಸಿದರೆ, ನಾನೇ ಅಲ್ಲಿಗೆ ಬಂದು ನನ್ನ ಬೆನ್ನಿಗೆ ಹಾಕಿಕೊಳ್ಳುತ್ತೇನೆ.

ಇನ್ನೊಂದು ಮಾತು. ನೆಲ ವಾಪಸು ಕೊಟ್ಟ ವಿಷಯ ಅವನಿಗೆ ಹೇಳಬೇಡಿ. ಕೆಲಸ ಮುಗಿಯಿತು ಅಂತ ಹೇಳಿ, ಅಷ್ಟು ಸಾಕು.

ನಿಮ್ಮ ದಾರಿ ಕಾಯುವ
ತೊಮೆ